ಅಣುವಸ್ತುವಿನ ಲೆಕ್ಕವೂ ಎಂಜಿನಿಯರಿಂಗ್ ವಿದ್ಯಾರ್ಥಿಯೂ



ಅಣುವಸ್ತುವಿನ ಕಾವಲು ಸರಕಾರಗಳ ವ್ಯವಹಾರ, ಎಂಜಿನಿಯರಿಗೇಕೆ ಎನ್ನುವವರುಂಟು. ನಾವು ಹಾಗೆ ತಿಳಿದಿಲ್ಲ. 1957ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಗಣನೆಯಂತೆ 8 ಕಿಲೋಗ್ರಾಂ ಪ್ಲುಟೋನಿಯಂ ಕಾಣೆಯಾದರೆ ಅದರಿಂದ ಒಂದು ಬಾಂಬು ಆಗಿರಬಹುದೆಂಬ ಶಂಕೆಗೆ ಎಡೆಯುಂಟು.

ಜಪಾನಿನ ರೊಕ್ಕಾಶೊ ಮರುಸಂಸ್ಕರಣಾ ಸ್ಥಾವರವನ್ನು ವರ್ಷಕ್ಕೆ 800 ಟನ್ ಉರಿದ ಇಂಧನಕ್ಕೆಂದು ರೂಪಿಸಿದ್ದಾರೆ. ಅದರಲ್ಲಿ ಸುಮಾರು ನೂರಕ್ಕೊಂದು ಪಾಲು ಪ್ಲುಟೋನಿಯಂ, ಎಂದರೆ 8,000 ಕಿಲೋಗ್ರಾಂ. ಅಳತೆಯಲ್ಲಿ ನೂರಕ್ಕೊಂದರಷ್ಟು ಅನಿಶ್ಚಯ ಉಳಿದರೂ 80 ಕಿಲೋಗ್ರಾಮಿನ ಲೆಕ್ಕ ಮಸುಕಾಯಿತು! ಬರಿಯ ಪಾಠದಿಂದ ಇದು ಮನಸ್ಸಿಗೆ ನಾಟದು. ಇಂತಹ ಸ್ಥಾವರದ ನಕ್ಷೆಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಬರೆಯಿಸಬೇಕು. ಇಂಧನದ ಕೊಳಕ್ಕೆ ಕ್ಯಾಮರಾ ಎಲ್ಲಿ, ಮುದ್ರೆ ಯಾವ ಮುಚ್ಚಳಕ್ಕೆ, ಕೊಳವೆಯ ತಿರುವಿನಲ್ಲಿ ನಿಂತ ದ್ರಾವಣವನ್ನು ಅಳೆಯುವುದೆಂತು ಎಂಬ ಪ್ರಶ್ನೆಗಳು ಆಗ ತಾವಾಗಿ ಏಳುತ್ತವೆ. ವಿಕಿರಣ ತುಂಬಿದ ಮೇಲೆ ದಪ್ಪ ಕಾಂಕ್ರೀಟಿನಲ್ಲಿ ಕಿಂಡಿ ಕೊರೆಯಲು ಯಾರು ಹೋದಾರು? ಒಂದು ತಂಡದ ನಕ್ಷೆಯಲ್ಲಿ ಕದಿಯಲು ದಾರಿಯುಂಟೇ ಎಂದು ಇನ್ನೊಂದು ತಂಡ ಹುಡುಕಲಿ. ಹುಡುಗರಿಗೆ ಈ ಕೆಲಸ ರುಚಿಸದಿರದು.

ನಮ್ಮ ದೇಶವೂ 2009ರಲ್ಲಿ ಆ ಸಂಸ್ಥೆಯೊಡನೆ ಒಪ್ಪಂದಕ್ಕೆ ಸಹಿ ಹಾಕಿ, ತಾನು ಹೆಸರಿಸಿದ ನಾಗರಿಕ ಸ್ಥಾವರಗಳನ್ನು ತಪಾಸಣೆಗೆ ತೆರೆದಿದೆ. ಕೊನೆಯ ವರ್ಷದ ಯೋಜನಾಕಾರ್ಯದಲ್ಲಿ ಈ ಅಭ್ಯಾಸಕ್ಕೆ ಎಡೆಮಾಡಿಕೊಡಬೇಕೆಂದು ಅಧ್ಯಾಪಕ ಮಹಾಶಯರಲ್ಲಿ ವಿನಂತಿಸುತ್ತೇವೆ.