ಪಾಕಾಧ್ಯಕ್ಷನ ಕಾಯಕ



ದಾಸೋಹದ ಪಂಕ್ತಿಯಲ್ಲಿ ಕುಳಿತವರು ನೀಡುವ ಕೈಯನ್ನು ಕಾಣುವರು. ಒಲೆಯ ಮುಂದೆ ಬೆವರಿದವನನ್ನು ಕಾಣರು. ಉಪ್ಪು ಹೆಚ್ಚಾದ ದಿನವಷ್ಟೇ ಆತನ ಹೆಸರು ಬಾಯಿಗೆ ಬರುವುದು. ಆದಕಾರಣ ಆತನ ಸ್ಥಾನವೆಂಥದೆಂದು ಈ ಉತ್ಸವಕಾಲದಲ್ಲಿ ವಿಚಾರಿಸುವುದು ಉಚಿತವಾಗಿದೆ.

ದೊಡ್ಡ ಹೋಟೆಲುಗಳಲ್ಲಿ ಪಾಕಶಾಲೆಯ ಮುಖ್ಯನನ್ನು 'ಶೆಫ್' ಎಂದು ಕರೆಯುವರು. ಇದು ಫ್ರೆಂಚರ ಮಾತು. ಇದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ 'ತಲೆ' ಎಂದರ್ಥ. ಅಡಿಗೆ ಬಲ್ಲವರೆಲ್ಲರೂ ಈ ಹೆಸರಿಗೆ ಅರ್ಹರಲ್ಲ. ಉಗ್ರಾಣದಿಂದ ಎಲೆಯವರೆಗಿನ ಸಮಸ್ತಕ್ಕೂ ಹೊಣೆ ಹೊತ್ತವನೇ ಅರ್ಹನು.

ಈ ಪದವಿಗೆ ಗೌರವ ತಂದವರಲ್ಲಿ ಫ್ರಾನ್ಸ್ ದೇಶದ ಆಗಸ್ಟ್ ಎಸ್ಕಾಫಿಯೆ (1846–1935) ಪ್ರಮುಖನು. 13ನೆಯ ವಯಸ್ಸಿನಲ್ಲಿ ಬಂಧುವೊಬ್ಬನ ಭೋಜನಶಾಲೆಯನ್ನು ಸೇರಿದ ಈತನು ಮುಂದೆ ಲಂಡನ್ನಿನ ಸವಾಯ್ ಹೋಟೆಲಿನ ಪಾಕಾಧ್ಯಕ್ಷನಾದನು. ರಸಕ್ಕೊಬ್ಬ, ಹುರಿಯುವುದಕ್ಕೊಬ್ಬ, ಭಕ್ಷ್ಯಕ್ಕೊಬ್ಬನೆಂದು ಕೆಲಸವನ್ನು ಹಂಚಿ ಗೊಂದಲವನ್ನು ನೀಗಿದನು. ಪಾಕಶಾಲೆಯಲ್ಲಿ ಕೂಗಾಟವನ್ನೂ ಮದ್ಯವನ್ನೂ ನಿಷೇಧಿಸಿ, ಉರಿಯ ಮುಂದೆ ನಿಂತವರಿಗೆ ಬಾರ್ಲಿಯ ಪಾನಕವನ್ನಿರಿಸಿದನು. ತನ್ನ ಪಾಕವಿಧಾನಗಳನ್ನು 1903ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. 1910ರಲ್ಲಿ ಬಡತನದ ನಿವಾರಣೆಯನ್ನು ಕುರಿತೂ ಒಂದು ಪುಸ್ತಿಕೆಯನ್ನು ಬರೆದನು. ಆಹಾರಭೇದವಿರಲಿ, ಈ ನಡತೆ ನಮಗೆ ಗ್ರಾಹ್ಯವು.

ಆದರೆ ಹೊಣೆಯು ಒಲೆಗಿಂತ ಮೊದಲೇ ಆರಂಭವಾಗುವುದೆಂಬುದನ್ನು 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನವರು ತೋರಿದರು. ಪತಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತರಲು, ಆ ತಾಯಿಯು ಅದನ್ನು ಒಪ್ಪದೆ ಹಿಂದಿರುಗಿಸಲು ಹೇಳಿದರೆಂಬುದು ಸರ್ವವಿದಿತವು. ರುಚಿಯನ್ನು ನಾಲಗೆ ನೋಡುವುದು. ಶುದ್ಧಿಯನ್ನು ಅಡಿಗೆಯವರ ಮನಸ್ಸೇ ನೋಡಬೇಕು.

ತುಮಕೂರಿನ ಸಿದ್ಧಗಂಗೆಯಂಥ ಕ್ಷೇತ್ರಗಳಲ್ಲಿ ಪ್ರತಿದಿನವೂ ಸಾವಿರಾರು ವಿದ್ಯಾರ್ಥಿಗಳು ಪ್ರಸಾದ ಸ್ವೀಕರಿಸುವರು. ಅಲ್ಲಿ ಒಬ್ಬನ ಅಜಾಗ್ರತೆಯು ಸಾವಿರ ಮಕ್ಕಳ ವ್ಯಾಧಿಯಾದೀತು. ಒಬ್ಬನ ಎಚ್ಚರವು ಸಾವಿರ ಮಕ್ಕಳ ವಿದ್ಯೆಗೆ ಬಲವಾದೀತು. ಆದರೂ ಕೊಪ್ಪರಿಗೆಯ ಅಳತೆಗಳು ಹಿರಿಯ ಅಡಿಗೆಯವರ ಕೈಯಲ್ಲಿಯೇ ಉಳಿದು, ಅವರೊಡನೆಯೇ ಕಣ್ಮರೆಯಾಗುವುದು ಶೋಚನೀಯವು.

ಆದುದರಿಂದ ಮಠದ ಭಕ್ತರು ಮೂರು ಕಾರ್ಯಗಳನ್ನು ಕೈಗೊಳ್ಳಬೇಕು. ಹಿರಿಯರ ಅಳತೆಗಳನ್ನು ಬರೆದಿಡಬೇಕು. ಅವರ ಬಳಿ ತರುಣರನ್ನು ಪಳಗಿಸಬೇಕು. ಒಲೆಯ ಬಳಿ ದುಡಿವವರ ಆರೋಗ್ಯವನ್ನು ನೋಡಿಕೊಳ್ಳಬೇಕು. ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂದು ಸಾರುವ ಧರ್ಮದಲ್ಲಿ ಸೌಟು ಹಿಡಿದವನು ಶಾಸ್ತ್ರ ಹಿಡಿದವನಿಗಿಂತ ಕಡಿಮೆಯವನಲ್ಲ. ಎಲ್ಲರೂ ಉಂಡ ಮೇಲೆ ಉಣ್ಣುವ ಆ ಶರಣನಿಗೆ ಶರಣಾರ್ಥಿ.