ತಂತಿ ಬದಲಿಸೋಕೆ ಒಂದು ಗಂಟೆ ಯಾಕೆ?

ಇವತ್ತು ಗಿಟಾರ್ ನುಡಿಸೋದರ ಬಗ್ಗೆ ಅಲ್ಲ, ಅದರ ತಂತಿ ಬದಲಿಸೋದರ ಬಗ್ಗೆ ಮಾತಾಡೋಣ. ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಪಿಜಿ ರೂಮಲ್ಲಿ ಗಿಟಾರ್ ಇಟ್ಕೊಂಡಿರೋರ ಕಷ್ಟ ಗೊತ್ತಲ್ಲ? ವಾರವಿಡೀ ಆಫೀಸು, ಟ್ರಾಫಿಕ್ಕು. ನುಡಿಸೋಕೆ ಸಿಗೋದು ಶನಿವಾರ ಸಂಜೆಯ ಎರಡು ಗಂಟೆ. ಅದರಲ್ಲಿ ಅರ್ಧ ತಂತಿ ಬದಲಿಸೋಕೇ ಹೋದ್ರೆ?

ತಪ್ಪು ನಿಮ್ಮ ಕೈಯದ್ದಲ್ಲ, ಬ್ರಿಡ್ಜ್‌ದು. ವೀಣೆಯಲ್ಲಿ ಕುದುರೆ ಅಂತೀವಲ್ಲ, ಗಿಟಾರ್‌ನಲ್ಲಿ ಅದೇ ಬ್ರಿಡ್ಜ್.

ಬೇಸ್ ತಗೊಳ್ಳಿ. ಹಳೇ ಮಾದರಿಯ ಬ್ರಿಡ್ಜ್‌ನಲ್ಲಿ ಹಿಂದಿನ ತೂತಿನಿಂದ ತಂತಿ ತೂರಿಸಿ, ಮೀಟರ್‌ಗಿಂತ ಉದ್ದದ ಆ ದಪ್ಪ ತಂತಿಯನ್ನ ಪೂರ್ತಿ ಎಳೀಬೇಕು. ಸ್ವಲ್ಪ ಜಾರಿದ್ರೆ ಬಾಡಿ ಮೇಲೆ ಗೀರು.

ಫ್ಲಾಯ್ಡ್ ರೋಸ್ ಬ್ರಿಡ್ಜ್ ಇನ್ನೊಂದು ಕಥೆ. 1970ರ ದಶಕದಲ್ಲಿ ಬಂದದ್ದು. ಬಾರ್ ಹಿಡಿದು ಎಷ್ಟೇ ಎಳೆದಾಡಿದ್ರೂ ಶ್ರುತಿ ಹೋಗಬಾರದು ಅನ್ನೋದು ಉದ್ದೇಶ, ಅದನ್ನ ಚೆನ್ನಾಗೇ ಸಾಧಿಸಿದೆ. ಆದ್ರೆ ತಂತಿ ಹಾಕೋಕೆ ಮೊದಲು ಅದರ ತುದಿಯ ಗುಂಡು ಕತ್ತರಿಸಬೇಕು, ಆಮೇಲೆ ಅಲೆನ್ ಕೀ ಹಿಡಿದು ಎರಡೂ ಕಡೆ ಬಿಗೀಬೇಕು. ಆರು ತಂತಿ ಒಟ್ಟಿಗೆ ಎಳೆಯೋದು ಸುಮಾರು 40 ಕೆಜಿ. ಹಿಂದಿನ ಸ್ಪ್ರಿಂಗ್‌ಗಳು ಅಷ್ಟೇ ಜೋರಾಗಿ ಆ ಕಡೆ ಎಳೀತಿರ್ತವೆ. ಬ್ರಿಡ್ಜ್ ತಕ್ಕಡಿ ಥರ ನಡುವೆ ತೇಲ್ತಿರುತ್ತೆ. ಅದಕ್ಕೇ ಒಂದು ತಂತಿ ಕಿತ್ತುಹೋದ್ರೆ ಉಳಿದ ಐದರ ಶ್ರುತಿಯೂ ಹಾಳು. ಸ್ಟೇಜ್ ಮೇಲೆ ಹಾಗಾದ್ರೆ ಆ ಹಾಡು ಅಲ್ಲಿಗೆ ಮುಗೀತು.

ಈಗ ಪೀಣ್ಯಕ್ಕೆ ಬನ್ನಿ. ಪ್ರೆಸ್ ಶಾಪ್‌ನಲ್ಲಿ ಕೆಲಸ ಮಾಡೋರನ್ನ ಕೇಳಿ, ಡೈ ಬದಲಿಸೋವಾಗ ಮಷೀನ್ ನಿಂತಷ್ಟು ಹೊತ್ತೂ ನಷ್ಟ ಅಂತಾರೆ. ಜಪಾನ್‌ನ ಶಿಗೆಯೊ ಶಿಂಗೊ ಇದಕ್ಕೇ ತಲೆ ಕೆಡಿಸಿಕೊಂಡವರು. 1969ರಲ್ಲಿ ಟೊಯೋಟಾದ 1000 ಟನ್ ಪ್ರೆಸ್‌ನ ಡೈ ಬದಲಿಸೋಕೆ ನಾಲ್ಕು ಗಂಟೆ ಹಿಡೀತಿತ್ತು. ಅದನ್ನ ಮೂರು ನಿಮಿಷಕ್ಕೆ ಇಳಿಸಿದ್ರು. ಅವರ ಒಂದು ಮಾತು ನನಗೆ ಬಹಳ ಇಷ್ಟ: ಬೋಲ್ಟ್ ಬಿಗಿಯಾಗೋದು ಕೊನೇ ಸುತ್ತಿನಲ್ಲಿ, ಉಳಿದ ಸುತ್ತೆಲ್ಲ ದಂಡ ಅನ್ನೋ ಅರ್ಥದ್ದು. ಹಾಗಾಗಿ ಪಿಯರ್ ಹಣ್ಣಿನ ಆಕಾರದ ತೂತು ಮಾಡಿ. ಬೋಲ್ಟ್ ಪೂರ್ತಿ ಬಿಚ್ಚೋದೇ ಬೇಡ, ಸಡಿಲಿಸಿ ಪಕ್ಕಕ್ಕೆ ಸರಿಸಿದ್ರೆ ಸಾಕು.

ಕೆಲವು ಬೇಸ್ ಬ್ರಿಡ್ಜ್‌ಗಳಲ್ಲಿ ಇದೇ ಉಪಾಯ ಇದೆ. ತೂತಿನ ಬದಲು ಮೇಲೆ ತೆರೆದ ಗಾಡಿ. ಗುಂಡನ್ನ ಮೇಲಿಂದ ಇಳಿಸಿ ಎಳೆದ್ರೆ ಕೂತ್ಕೊಳ್ಳುತ್ತೆ, ಎಳೆದಾಟವೇ ಇಲ್ಲ. ಇಷ್ಟು ಸುಲಭದ್ದು ಎಲ್ಲ ಬ್ರಿಡ್ಜ್‌ನಲ್ಲೂ ಯಾಕಿಲ್ಲ? ಹಳೇ ಮಾದರಿಯಂತೆ ಕಾಣೋದೇ ಮಾರಾಟವಾಗುತ್ತೆ ಅನ್ನೋದು ನನ್ನ ಅನುಮಾನ.

ಫ್ಲಾಯ್ಡ್ ರೋಸ್ ಇರೋರು ಬ್ರಿಡ್ಜ್‌ನ ಹಿಂಭಾಗದ ಕೆಳಗೆ ಸರಿಯಾದ ದಪ್ಪದ ಮರದ ತುಂಡು ಇಟ್ಟು, ಒಂದೊಂದೇ ತಂತಿ ಬದಲಿಸಿ. ಬ್ರಿಡ್ಜ್ ಒಳಗೆ ಕುಸಿಯಲ್ಲ. ಹೊಸದು ಕೊಳ್ಳೋರು ಅಂಗಡಿಯವರಿಗೆ ಒಂದು ತಂತಿ ಬಿಚ್ಚಿ ಹಾಕಿ ತೋರಿಸೋಕೆ ಹೇಳಿ, ಫೋನ್‌ನಲ್ಲಿ ಟೈಮರ್ ಒತ್ತಿ.