ವಿಶ್ವಪರಂಪರೆಯ ಕಾವಲು ಮತ್ತು ನಮ್ಮ ಪಾಲು

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನೂರು ವರ್ಷ ಬಾಳಿದ ವಿದ್ಯಾಲಯದ ಅಂಗಳದಲ್ಲಿ ನಿಂತು, ಉಳಿಸಿಕೊಳ್ಳುವುದರ ಕುರಿತು ನಾಲ್ಕು ಮಾತನಾಡುವ ಅವಕಾಶ ದೊರೆತುದು ನನ್ನ ಭಾಗ್ಯ.

ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಒಡಂಬಡಿಕೆಯನ್ನು ಅಂಗೀಕರಿಸಿದ್ದು 1972ರಲ್ಲಿ. ಭಾರತ ಅದಕ್ಕೆ ಸಮ್ಮತಿಯಿತ್ತದ್ದು 1977ರಲ್ಲಿ. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ಈ ಪಟ್ಟಿಗೆ ಸೇರಿದವು. ಕುದುರೆಮುಖ, ಆಗುಂಬೆ, ಪುಷ್ಪಗಿರಿ, ತಲಕಾವೇರಿಗಳನ್ನೊಳಗೊಂಡು 10 ತಾಣಗಳು ಕರ್ನಾಟಕದವು. ಕೇರಳದ ತಾಣಗಳಲ್ಲಿ ನಮಗೆ ಸಮೀಪದ್ದು ಕಣ್ಣೂರು ಜಿಲ್ಲೆಯ ಆರಳಂ. ಕಾಸರಗೋಡಿನ ಒಂದು ತಾಣವೂ ಅಲ್ಲಿಲ್ಲ. ಹಾಗಿದ್ದ ಮೇಲೆ ಅದರ ಗೊಡವೆ ನಮಗೇಕೆ ಎಂದು ಯಾರಾದರೂ ಕೇಳಬಹುದು.

ಉತ್ತರ ನಮ್ಮ ಹೊಳೆಯಲ್ಲೇ ಇದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿ ಸಂಪಾಜೆ, ಸುಳ್ಯಗಳನ್ನು ಹಾದು, ಚಂದ್ರಗಿರಿಯೆಂಬ ಹೆಸರಿನಲ್ಲಿ ನಮ್ಮ ಕಡಲನ್ನು ಸೇರುತ್ತಾಳೆ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ದಾರಿಯ ಜೋಡುಪಾಲದಲ್ಲಿ ಗುಡ್ಡ ಕುಸಿದದ್ದು ಈ ಹೊಳೆಯ ಮೇಲ್ದಂಡೆಯಲ್ಲಿಯೇ. ಅಲ್ಲಿನ ಕಾಡು ಬಡವಾದರೆ ಇಲ್ಲಿನ ಬಾವಿ ಬತ್ತುತ್ತದೆ. ರಾಣಿಪುರದ ಕಾಡಿಗೂ ಕೊಡಗಿನ ಕಾಡಿಗೂ ನಡುವಿನ ಗೆರೆ ಭೂಪಟದಲ್ಲಿದೆಯೇ ಹೊರತು ಆನೆಯ ದಾರಿಯಲ್ಲಿಲ್ಲ.

ಪಟ್ಟಿಗೆ ಸೇರಿದ ಮಾತ್ರಕ್ಕೆ ತಾಣವು ಉಳಿಯುವುದಿಲ್ಲ. ಪ್ರತಿ ದೇಶವೂ ಸುಮಾರು ಆರು ವರ್ಷಗಳಿಗೊಮ್ಮೆ ತನ್ನ ತಾಣಗಳ ಸ್ಥಿತಿಗತಿಯ ವರದಿ ಒಪ್ಪಿಸಬೇಕು. ಅಪಾಯದ ಸುದ್ದಿ ಬಂದಲ್ಲಿ ತಜ್ಞರ ತಂಡ ಸ್ಥಳ ಪರೀಕ್ಷೆಗೆ ಬರಬಹುದು. ಐಯುಸಿಎನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ನೈಸರ್ಗಿಕ ತಾಣಗಳನ್ನು ತಾನಾಗಿಯೂ ಅಳೆಯುತ್ತದೆ. 2020ರ ಅದರ ವರದಿ ಪಶ್ಚಿಮಘಟ್ಟವನ್ನು ತೀವ್ರ ಕಳವಳದ ವರ್ಗದಲ್ಲಿರಿಸಿತು.

ಕಾವಲು ಫಲ ಕೊಡುವುದಕ್ಕೂ ಸೋಲುವುದಕ್ಕೂ ನಿದರ್ಶನಗಳಿವೆ. ಅಸ್ಸಾಮಿನ ಮಾನಸ ಅಭಯಾರಣ್ಯವು ಗಲಭೆ ಹಾಗೂ ಕಳ್ಳಬೇಟೆಗಳಿಂದ ನಲುಗಿ 1992ರಲ್ಲಿ ಅಪಾಯದ ಪಟ್ಟಿಗೆ ಸೇರಿತು. ಸ್ಥಳೀಯರೂ ಸರಕಾರವೂ ಕೈಜೋಡಿಸಿ ದುಡಿದುದರಿಂದ 2011ರಲ್ಲಿ ಆ ಪಟ್ಟಿಯಿಂದ ಹೊರಬಂದಿತು. ಒಮಾನ್ ದೇಶವಾದರೋ ತನ್ನ ಓರಿಕ್ಸ್ ಜಿಂಕೆಗಳ ಅಭಯಾರಣ್ಯವನ್ನು ಶೇಕಡಾ 90ರಷ್ಟು ಕಡಿತಗೊಳಿಸಿತು. 2007ರಲ್ಲಿ ಆ ತಾಣದ ಹೆಸರನ್ನೇ ವಿಶ್ವಪರಂಪರೆಯ ಪಟ್ಟಿಯಿಂದ ಅಳಿಸಲಾಯಿತು.

ಕಾವಲೆಂದರೆ ಏನೆಂಬುದನ್ನು ನಮ್ಮ ಜಿಲ್ಲೆ ದುಬಾರಿ ಬೆಲೆ ತೆತ್ತು ಕಲಿತಿದೆ. ಗೇರು ತೋಟಗಳ ಮೇಲೆ 2000ನೆಯ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಹುಟ್ಟಿದ ಕರುಗಳ ಕಾಲು ಸೊಟ್ಟಗಿರುವುದನ್ನು, ಒಂದೇ ಊರಿನ ಮನೆಮನೆಗಳಲ್ಲಿ ವಿಚಿತ್ರ ಕಾಯಿಲೆಗಳು ಕಾಣಿಸಿಕೊಂಡುದನ್ನು ಮೊದಲು ಗುರುತಿಸಿದವರು ಪಡ್ರೆಯಂತಹ ಹಳ್ಳಿಗಳ ಕೃಷಿಕರು, ಊರಿನ ವೈದ್ಯರು, ಪತ್ರಕರ್ತರು. ದೇಶವ್ಯಾಪಿ ನಿಷೇಧ ಬಂದದ್ದು 2011ರಲ್ಲಿ. ಕಣ್ಣಿಟ್ಟು ನೋಡಿದವರ ಮಾತಿಗೆ ಕಿವಿಗೊಡಲು ಅಷ್ಟು ವರ್ಷ ಹಿಡಿಯಿತು. ಬರೆದಿಟ್ಟದ್ದನ್ನು ಅಲ್ಲಗಳೆಯುವುದು ಕಷ್ಟ; ಬಾಯಿಮಾತನ್ನು ಅಲ್ಲಗಳೆಯುವುದು ಸುಲಭ.

2023ರಲ್ಲಿ ಜಿಲ್ಲೆಯು ಕಾಸರಕವನ್ನು ತನ್ನ ಮರವಾಗಿಯೂ ಚಂದ್ರಗಿರಿಯಲ್ಲಿ ಬದುಕಿರುವ ಮೃದುಚಿಪ್ಪಿನ ಹಿರಿಯಾಮೆಯನ್ನು ತನ್ನ ಜೀವಿಯಾಗಿಯೂ ಘೋಷಿಸಿತು. ಸಂತೋಷದ ಸಂಗತಿ. ಆದರೆ ಅವು ಈಗ ಎಲ್ಲೆಲ್ಲಿವೆ, ಮೊದಲು ಎಲ್ಲೆಲ್ಲಿ ಇದ್ದವು ಎಂದು ಬಲ್ಲವರು ಎಷ್ಟು ಮಂದಿ?

ಆದ್ದರಿಂದ ಒಂದು ವಿನಂತಿ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಶಾಲೆ ಹಾಜರಿ ಪುಸ್ತಕದ ಪಕ್ಕದಲ್ಲಿ ಪ್ರಕೃತಿಯ ಹಾಜರಿ ಪುಸ್ತಕವೊಂದನ್ನು ಇರಿಸಲಿ. ಮೊದಲ ಮಳೆ ಬಂದ ದಿನ, ಏಪ್ರಿಲಿನಲ್ಲಿ ಬಾವಿಯ ಮತ್ತು ಸುರಂಗದ ನೀರಿನ ಮಟ್ಟ, ನಾಗಬನದ ಮರಗಳ ಎಣಿಕೆ, ಹೊಳೆಬದಿಗೆ ಬಂದ ಹಕ್ಕಿಗಳು: ಇಷ್ಟನ್ನು ಮಕ್ಕಳು ಬರೆಯಲಿ. ಕನ್ನಡದ ಹೆಸರಿನೊಂದಿಗೆ ಮನೆಯಲ್ಲಾಡುವ ತುಳು, ಮಲಯಾಳ, ಕೊಂಕಣಿ ಹೆಸರುಗಳೂ ಇರಲಿ. ಹಳೆ ವಿದ್ಯಾರ್ಥಿಗಳೇ, ಅದರ ಮೊದಲ ಪುಟಗಳು ನಿಮ್ಮವು. ನಿಮ್ಮ ಕಾಲದಲ್ಲಿ ಗುಡ್ಡ ಎಲ್ಲಿಯವರೆಗೆ ಹಸುರಾಗಿತ್ತು, ತೋಡು ಯಾವ ತಿಂಗಳವರೆಗೆ ಹರಿಯುತ್ತಿತ್ತು ಎಂದು ಇಸವಿ ಸಹಿತ ಬರೆದುಕೊಡಿ. ಏನಿತ್ತೆಂದು ತಿಳಿಯದವರಿಗೆ ಏನು ಹೋಯಿತೆಂದು ಹೇಳಲಾಗದು.

ಆ ಪುಸ್ತಕ ನೂರು ವರ್ಷ ತುಂಬಲಿ ಎಂದು ಹಾರೈಸುತ್ತೇನೆ.